ಧೈರ್ಯವು ಅಪ್ಪಣೆಯಿಂದ ಬರುವುದೆ?

ಉದ್ಯೋಗದ ಸಂದರ್ಶನವೆಂದರೆ ಕೈಕಾಲು ನಡುಗುವ ತರುಣನಿಗೂ, ನಾಲ್ವರ ಮುಂದೆ ಬಾಯಿ ತೆರೆಯಲಾರದ ತರುಣಿಗೂ ನಮ್ಮ ವಿದ್ಯಾವಂತ ಕುಟುಂಬಗಳು ಕೊಡುವ ಔಷಧವು ಒಂದೇ: “ಧೈರ್ಯ ತಂದುಕೊ.” ಅದು ಫಲಿಸದಿದ್ದರೆ, “ನಮ್ಮ ಕಾಲದಲ್ಲಿ ಇಂಥವೆಲ್ಲ ಇರಲಿಲ್ಲ” ಎಂಬ ಉಪದೇಶ. ಆ ಮಕ್ಕಳು ದೂರವಾಣಿಯಲ್ಲಿಯೋ ಅಂತರ್ಜಾಲದಲ್ಲಿಯೋ ಆಪ್ತಸಮಾಲೋಚಕರ ನೆರವನ್ನು ಬಯಸಿದರೆ ಮಾತ್ರ, ಮನೆಯ ಮಾನವೇ ಹೋದಂತೆ ಹಿರಿಯರು ಹುಬ್ಬು ಗಂಟಿಕ್ಕುವರು. ಈ ಮನೋಭಾವವು ತಪ್ಪು. ನಮ್ಮ ಸೀಮೆಯಲ್ಲಂತೂ ಅಪಾಯಕರವಾದುದು.

ನಮ್ಮ ಸೀಮೆಯ ಸ್ಥಿತಿಯನ್ನು ನೋಡಿರಿ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಕೈಹಾಕಿದ ಚಿನ್ನದ ಗಣಿಯು 2001ರ ಫೆಬ್ರವರಿ 28ರಂದು ಮುಚ್ಚಿತು. ಅಂದು ನಿಂತುಹೋದುದು ಸಂಬಳವೊಂದೇ ಅಲ್ಲ. “ನಾನು ಗಣಿಯವನು” ಎಂಬ ಅಭಿಮಾನಕ್ಕಿದ್ದ ನೆಲೆಯೂ ಹೋಯಿತು. ಇಂದು ಮಾರಿಕುಪ್ಪಂ, ಚಾಂಪಿಯನ್, ಕೋರಮಂಡಲ್ ನಿಲ್ದಾಣಗಳಲ್ಲಿ ಮುಂಜಾನೆಯೇ ರೈಲು ಹತ್ತಿ, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗಿ ದುಡಿದು, ಕತ್ತಲಾದ ಮೇಲೆ ಮರಳುವುದೇ ಎಷ್ಟೋ ಮನೆಗಳ ದಿನಚರಿ. ಹಗಲು ಮಾತ್ರ ತೆರೆದಿರುವ ಚಿಕಿತ್ಸಾಲಯವು ಇವರಿಗೆ ಎಟುಕುವ ಬಗೆ ಹೇಗೆ?

ಎಟುಕುವಂಥದೊಂದು ಈಗ ಉಂಟು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ‘ಟೆಲಿ ಮಾನಸ್’ ಎಂಬ ಸೇವೆಯನ್ನು ಆರಂಭಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಅದರ ಮೂಲಕೇಂದ್ರ. 14416ಕ್ಕೆ ಕರೆಮಾಡಿದರೆ ಹಗಲಿರುಳೂ ಉಚಿತವಾಗಿ ಮಾತನಾಡಬಹುದು. ಕನ್ನಡ, ತಮಿಳು, ತೆಲುಗು, ಉರ್ದುಗಳೆಲ್ಲ ಒಂದೇ ಬೀದಿಯಲ್ಲಿ ಕೇಳಿಬರುವ ನಮ್ಮ ಊರಿಗೆ, ಈ ನಾಲ್ಕು ಭಾಷೆಗಳಲ್ಲಿಯೂ ದೊರೆಯುವ ಸೇವೆಯು ಅಲ್ಪವೆ?

“ಮುಖವನ್ನೇ ಕಾಣದ ಅಪರಿಚಿತನೊಡನೆ ಮನೆಯ ಮಾತೇಕೆ? ಮನೆಯಲ್ಲಿ ಹಿರಿಯರಿಲ್ಲವೆ?” ಎಂದು ಕೇಳುವವರುಂಟು. ಹಿರಿಯರು ಇರುವರು; ಆದರೆ ಮಗನ ಭಯಕ್ಕೆ ಎಷ್ಟೋ ವೇಳೆ ತಂದೆಯ ನಿರೀಕ್ಷೆಯೇ ಕಾರಣವಾಗಿರುವಾಗ, ಅವನು ಅದನ್ನು ತಂದೆಯ ಮುಂದೆಯೇ ಹೇಳಲಾಪನೆ? ಇದಲ್ಲದೆ, ಬಲ್ಲ ಸಮಾಲೋಚಕನು ಮಾಡುವುದು ಉಪದೇಶವಲ್ಲ, ಅಭ್ಯಾಸ. ಎದೆ ಹೊಡೆದುಕೊಳ್ಳುವಾಗ ಉಸಿರನ್ನು ನಿಧಾನಗೊಳಿಸುವುದು. “ನಾನು ಸೋತೇ ಸೋಲುವೆನು” ಎಂಬ ಯೋಚನೆಯನ್ನು ಬರೆದಿಟ್ಟು, ಅದಕ್ಕೆ ಆಧಾರವೇನೆಂದು ಪರೀಕ್ಷಿಸುವುದು. ಮೊದಲು ಒಬ್ಬ ಗೆಳೆಯನೆದುರು, ಬಳಿಕ ನಾಲ್ವರೆದುರು, ಆಮೇಲೆ ಸಂದರ್ಶಕರೆದುರು ಮಾತನಾಡುವಂತೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು. ಈಜನ್ನು ಕಲಿಸುವವನು ದಡದಲ್ಲಿ ನಿಂತು ಬರಿಯ ಧೈರ್ಯವನ್ನು ಬೋಧಿಸಿದರೆ ಸಾಕೆ?

ಗಣಿಯ ಊರಿನವರಾದ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಮೂರು ಕಿಲೋಮೀಟರಿಗೂ ಮಿಗಿಲಾದ ಆಳದಲ್ಲಿ, ಬಂಡೆ ಸಿಡಿಯುವ ಭಯದ ನಡುವೆ, ಮರದ ದಿಮ್ಮಿಯನ್ನೂ ಕಲ್ಲಿನ ಕಟ್ಟನ್ನೂ ಆಸರೆಯಾಗಿ ಕೊಟ್ಟೇ ಅಗೆಯುತ್ತಿದ್ದರು. ಅದನ್ನು ಯಾರೂ ಹೇಡಿತನವೆನ್ನಲಿಲ್ಲ. ಬಂಡೆಗೆ ಬೇಕಾದ ಆಸರೆಯು ಮನಸ್ಸಿಗೆ ಬೇಡವೆನ್ನುವುದು ಯಾವ ನ್ಯಾಯ?

“ಇದು ಪಶ್ಚಿಮದ ಗೀಳು” ಎನ್ನುವವರು, ಡಾಕ್ಟರ್ ಎಂ. ಶಿವರಾಂ ಅವರ ‘ಮನ ಮಂಥನ’ವೆಂಬ ಮನೋವೈದ್ಯದ ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದುದನ್ನು ನೆನೆಯಲಿ. ಗ್ರಂಥವನ್ನು ಕನ್ನಡವು ಗೌರವಿಸಿತು. ವಿಷಯವನ್ನು ಮಾತ್ರ ನಾವು ಮನೆಯ ಹೊಸ್ತಿಲು ದಾಟಗೊಡಲಿಲ್ಲ.

ಎಚ್ಚರಿಕೆಯೂ ಬೇಕು. ಅಂತರ್ಜಾಲದಲ್ಲಿ ಹಣ ಕೇಳುವವರೆಲ್ಲರೂ ಬಲ್ಲವರಲ್ಲ. ಓದೇನು, ತರಬೇತಿಯೇನು, ಹೇಳಿದ ಮಾತು ಗೋಪ್ಯವಾಗಿರುವುದೆ ಎಂದು ಮೊದಲೇ ವಿಚಾರಿಸತಕ್ಕದ್ದು. ಪ್ರಾಣ ಕಳೆದುಕೊಳ್ಳುವ ಯೋಚನೆ ಬಂದಾಗ ವಾರದ ಸಮಾಲೋಚನೆಗಾಗಿ ಕಾಯದೆ, ಒಡನೆಯೇ ಸಹಾಯವಾಣಿಗೆ ಕರೆಮಾಡಬೇಕು, ವೈದ್ಯರನ್ನೂ ಕಾಣಬೇಕು. ಕಳ್ಳನಾಣ್ಯವಿದೆಯೆಂದು ಚಿನ್ನವನ್ನೇ ಬಿಸುಡುವುದು ಮಾತ್ರ ಚಿನ್ನದ ಊರಿಗೆ ಶೋಭಿಸದು.

ನಿಜವಾದ ಅಡ್ಡಿ ಬೇರೆಯೇ ಉಂಟು. ಗಣಿಯ ಲೈನುಮನೆಗಳಲ್ಲಿ ಒಬ್ಬನು ಫೋನಿನಲ್ಲಿ ಆಡಿದ ಮಾತು ಮನೆಮಂದಿಯ ಕಿವಿಗೆಲ್ಲ ಬೀಳುವುದು. ದೊಡ್ಡ ಮನೆಗಳಲ್ಲಿ ಕೋಣೆಗಳಿವೆ. ಬಾಗಿಲು ಮುಚ್ಚಿದರೆ ಹೊರಗೆ ಕಿವಿಗಳೂ ಇವೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಚಿಕಿತ್ಸೆಯನ್ನೂ ಗೋಪ್ಯವನ್ನೂ ಅಸ್ವಸ್ಥರ ಹಕ್ಕೆಂದು ಸಾರಿದೆ. ಕಾಯಿದೆಯು ಕೊಟ್ಟುದನ್ನು ಮನೆಯವರು ಕಸಿದುಕೊಳ್ಳಬಾರದು. ಸ್ಥಳವಿಲ್ಲದವರಿಗಾಗಿ ನಮ್ಮ ವಾಚನಾಲಯಗಳೂ ಶಾಲೆಗಳೂ ಸಂಜೆ ಒಂದು ಕೋಣೆಯನ್ನು ಬಿಟ್ಟುಕೊಡಲಿ. ಸ್ಥಳವಿರುವವರು ವಾರಕ್ಕೊಮ್ಮೆ ಒಂದು ಗಂಟೆ ಮಕ್ಕಳನ್ನು ಅವರ ಪಾಡಿಗೆ ಬಿಟ್ಟು, ಹೊರಬಂದಾಗ “ಏನು ಹೇಳಿದೆ?” ಎಂದು ಕೇಳದಿರಲಿ. ಧೈರ್ಯ ತಂದುಕೊ ಎನ್ನುವವರು ಇಷ್ಟು ಧೈರ್ಯವನ್ನಾದರೂ ತಾವು ಮೊದಲು ತಂದುಕೊಳ್ಳಬೇಡವೆ?