ತೆರೆದು ರಿಪೇರಿ ಮಾಡುವ ಹಕ್ಕು

ಹಾರೂಗೇರಿಯಲ್ಲಿ ಯಾರ ಮುಂದೆ ವಿಂಡೋಸ್ ಬದಲಿಗೆ ಬಳಸಬಹುದಾದ ಲಿನಕ್ಸ್ ಮಾತು ತೆಗೆದರೂ ಮೊದಲು ಬರುವ ಪ್ರಶ್ನೆ, "ಪುಕ್ಕಟ ಐತೇನ್ರಿ?" ಹೌದೆಂದ ಕೂಡಲೇ ಕೇಳಿದವರ ಉತ್ಸಾಹ ಇಳಿಯುತ್ತದೆ. ಅದರಲ್ಲಿ ಅವರ ತಪ್ಪಿಲ್ಲ. ನಮ್ಮಂಥ ಊರುಗಳಲ್ಲಿ ವಿಂಡೋಸ್‌ಗಾಗಲಿ ಫೋಟೋಶಾಪ್‌ಗಾಗಲಿ ದುಡ್ಡು ಕೊಟ್ಟವರು ಕಡಿಮೆ; ರಿಪೇರಿಯವನು ಪೆನ್‌ಡ್ರೈವ್‌ನಿಂದ ಹಾಕಿಕೊಟ್ಟದ್ದೇ ಬಹುಪಾಲು ಜನರ ಬಳಿ ಇರುವುದು. ಎರಡೂ ಪುಕ್ಕಟೆಯಾದ ಮೇಲೆ ಕೈಗೆ ರೂಢಿಯಾದದ್ದನ್ನು ಯಾಕೆ ಬಿಡಬೇಕು? ಮುಕ್ತ ತಂತ್ರಾಂಶದ ಅಭಿಮಾನಿಗಳಾದ ನಾವು ಬೆಲೆಯ ವಾದವನ್ನೇ ಮುಂದಿಟ್ಟುಕೊಂಡು ಬಂದಿದ್ದೇವೆ. ಅದು ಇಲ್ಲಿ ನಡೆಯುವುದಿಲ್ಲ.

ಇಲ್ಲಿ ನಡೆಯುವ ವಾದ ರಿಪೇರಿಯದು. ಕಬ್ಬಿಗೆ ನೀರು ಹಾಯಿಸುವ ಮೋಟಾರು ಸುಟ್ಟರೆ ರೈತ ಅದನ್ನು ರಿವೈಂಡಿಂಗ್ ಅಂಗಡಿಗೆ ಹೊತ್ತು ತರುತ್ತಾನೆ. ಅಂಗಡಿಯವನು ಬಿಚ್ಚಿ, ತಂತಿ ಸುತ್ತಿ ಕೊಡುತ್ತಾನೆ. ಮೋಟಾರು ಮಾಡಿದ ಕಂಪನಿಯ ಅಪ್ಪಣೆ ಬೇಕಿಲ್ಲ. ಮುಕ್ತ ತಂತ್ರಾಂಶ ಚಳವಳಿ ಹುಟ್ಟುಹಾಕಿದ ರಿಚರ್ಡ್ ಸ್ಟಾಲ್‌ಮನ್ ಕೇಳಿದ್ದೂ ಇದನ್ನೇ. ಎಂಐಟಿಯ ಪ್ರಯೋಗಾಲಯಕ್ಕೆ ಬಂದ ಪ್ರಿಂಟರಿನ ಸೋರ್ಸ್ ಕೋಡ್, ಅಂದರೆ ತಂತ್ರಾಂಶದ ಮೂಲ ಬರಹ, ಸಿಗದೆ, ಅದರ ತೊಂದರೆ ಸರಿಪಡಿಸಲಾಗದೆ ಹೋದ ಅನುಭವ ಅವರಿಗಿತ್ತು. 1983ರಲ್ಲಿ ಅವರು, ಯಾರು ಬೇಕಾದರೂ ತೆರೆದು ತಿದ್ದಬಹುದಾದ ಕಾರ್ಯಾಚರಣಾ ವ್ಯವಸ್ಥೆ ಕಟ್ಟುವ ಗ್ನೂ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ ಕರ್ನೆಲ್ ಎಂಬ ತಿರುಳು ಅದರ ಜೊತೆ ಕೂಡಿಕೊಂಡಿತು.

ತೆರೆದು ರಿಪೇರಿ ಮಾಡುವ ಈ ಹಕ್ಕು ಕನ್ನಡಕ್ಕೆ ಎಷ್ಟು ಅಗತ್ಯವೆಂಬುದು ನಮ್ಮ ಡಿಟಿಪಿ ಅಂಗಡಿಗಳ ಹಳೆಯ ಫೈಲುಗಳನ್ನು ತೆರೆದವರಿಗೆ ಗೊತ್ತು. ಜಾತ್ರೆಯ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ, ಊರಿನ ಕವಿಯೊಬ್ಬರ ಸಂಕಲನ, ಎಲ್ಲವೂ ಹಳೆಯ ಕನ್ನಡ ಫಾಂಟುಗಳಲ್ಲಿ ಟೈಪಾಗಿವೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ, ಅದರಲ್ಲಿ ಕನ್ನಡದ ಒಂದು ಹೆಸರನ್ನೂ ಹುಡುಕಲಾಗದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿತ್ತಾದರೂ ನಮ್ಮ ಮುದ್ರಣ ಲೋಕ ಬಹುಕಾಲ ಆ ಹಳೆಯ ಫಾಂಟುಗಳಲ್ಲೇ ನಡೆಯಿತು.

ಇದರ ಬೆಲೆ ತೆತ್ತವರಲ್ಲಿ ಅಂಧ ಓದುಗರು ಮೊದಲಿಗರು ಎಂದು ನನಗನ್ನಿಸುತ್ತದೆ. ಆಸ್ಟ್ರೇಲಿಯಾದ ಮೈಕೆಲ್ ಕರ್ರನ್, ಸ್ವತಃ ಅಂಧರು, 2006ರಲ್ಲಿ ಎನ್‌ವಿಡಿಎ ಎಂಬ, ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಆರಂಭಿಸಿ ಸೋರ್ಸ್ ಕೋಡ್ ಸಮೇತ ಎಲ್ಲರಿಗೂ ಬಿಟ್ಟುಕೊಟ್ಟರು. ಅದರೊಂದಿಗೆ ಬರುವ ಈಸ್ಪೀಕ್ ಎಂಬ ದನಿ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ದನಿ ಯಂತ್ರದ್ದೇ, ಆದರೆ ಪಠ್ಯಪುಸ್ತಕಕ್ಕಾಗಿ ಇನ್ನೊಬ್ಬರ ಬಿಡುವಿಗೆ ಕಾಯಬೇಕಿಲ್ಲ. ಆ ಹಳೆಯ ಫೈಲನ್ನು ಕೊಟ್ಟರೆ ಮಾತ್ರ ಅದು ಆ ರೋಮನ್ ಅಕ್ಷರಗಳ ರಾಶಿಯನ್ನೇ ಓದುತ್ತದೆ, ಕನ್ನಡವನ್ನಲ್ಲ. ಇಂಥ ಬರಹವನ್ನು ಯೂನಿಕೋಡ್‌ಗೆ ತರುವ ಪರಿವರ್ತಕವನ್ನು ಅರವಿಂದ ವಿ.ಕೆ. ಬರೆದು ಮುಕ್ತವಾಗಿಟ್ಟರು. ಅಂಥ ಕೆಲಸದಿಂದ ಲಾಭ ಎಣಿಸುವ ಕಂಪನಿ ಯಾವುದು? ಸಣ್ಣ ಮಾರುಕಟ್ಟೆಯ ಭಾಷೆಗೆ ಬೇಕಾದದ್ದನ್ನು ಆ ಭಾಷೆಯವರೇ ಮಾಡಿಕೊಳ್ಳಬೇಕು. ಮಾಡಿಕೊಳ್ಳಲು ಬಾಗಿಲು ತೆರೆದಿರಬೇಕು. ಎನ್‌ವಿಡಿಎ ನಡೆಯುವುದು ವಿಂಡೋಸ್ ಮೇಲೆ ಎಂಬುದನ್ನೂ ಹೇಳಲೇಬೇಕು. ನನ್ನ ಪಕ್ಷಪಾತ ಲಿನಕ್ಸ್ ಕಡೆಗಿದ್ದರೂ ಪ್ರಶ್ನೆ ಒಂದು ಹೆಸರಿನದಲ್ಲ.

ಎದುರು ವಾದವೂ ಗಟ್ಟಿಯಾಗಿದೆ. ಡಿಟಿಪಿ ಅಂಗಡಿಯವನ ಬೆರಳಿಗೆ ರೂಢಿಯಾದ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲಿದೆ, ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯ ಭಂಡಾರದಲ್ಲೇ ಸಿಗುತ್ತವೆ. ಆದರೆ ಗಿರಾಕಿ ತರುವುದು ಕೋರೆಲ್‌ಡ್ರಾ ಫೈಲು. ಮದುವೆ ಹಂಗಾಮಿನಲ್ಲಿ, ನಾಳೆಗೇ ಲಗ್ನಪತ್ರಿಕೆ ಬೇಕೆಂದವರನ್ನು ಕೂರಿಸಿಕೊಂಡು ಮುಕ್ತ ತಂತ್ರಾಂಶವಾದ ಇಂಕ್‌ಸ್ಕೇಪ್ ಕಲಿಯಿರಿ ಎಂದು ಅವನಿಗೆ ಹೇಳುವುದು ನ್ಯಾಯವಲ್ಲ. ಹೊಟ್ಟೆಪಾಡಿನ ಅಂಗಡಿಯಿಂದ ಬದಲಾವಣೆ ಆರಂಭವಾಗಲಿ ಎಂದು ನಾನು ಕೇಳುವುದಿಲ್ಲ.

ಶಾಲೆಯಿಂದ ಆರಂಭವಾಗಲಿ ಎಂದು ಕೇಳುತ್ತೇನೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಕಲಿಯುವುದು ಗ್ನೂ/ಲಿನಕ್ಸ್ ಮೇಲೆ. ಕೇರಳ 2001ರಲ್ಲಿ ಐಟಿ@ಸ್ಕೂಲ್ ಎಂದು ಶುರುಮಾಡಿದ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ, ಸರ್ಕಾರಿ ಶಾಲೆಗಳಿಗೆ ತನ್ನದೇ ಗ್ನೂ/ಲಿನಕ್ಸ್ ವ್ಯವಸ್ಥೆಯನ್ನು ಕೊಡುತ್ತಿದೆ. ನಮ್ಮಲ್ಲೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಶಿಕ್ಷಣ ಇಲಾಖೆಯ ಜೊತೆಗೂಡಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಎಂಬ ಲಿನಕ್ಸ್ ಆವೃತ್ತಿಯನ್ನು ಕಲಿಸಿತ್ತು. ಶಿಕ್ಷಕರ ವರ್ಗಾವಣೆಯಾದರೂ ಉಳಿಯುವಂತೆ ಅದನ್ನು ಪಠ್ಯಕ್ರಮದೊಳಗೆ ತರಬೇಕು.

ಅದಕ್ಕೆ ಇದು ಒಳ್ಳೆಯ ಹೊತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಬೆಂಬಲ ನಿಂತಿತು. ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇಲ್ಲದ ಹಳೆಯ ಯಂತ್ರಗಳು ವಿಂಡೋಸ್ 11ರ ನಿಯಮಕ್ಕೆ ಹೊಂದುವುದಿಲ್ಲ. ಡೆಬಿಯನ್ ಅವುಗಳಲ್ಲಿ ಇನ್ನೂ ಹಲವು ವರ್ಷ ನಡೆಯುತ್ತದೆ. ರಾಯಬಾಗ, ಅಥಣಿ, ಚಿಕ್ಕೋಡಿ ಕಡೆಯ ಶಾಲೆ ಕಾಲೇಜುಗಳು ಇಂಥ ಕಂಪ್ಯೂಟರುಗಳನ್ನು ಗುಜರಿಗೆ ಹಾಕುವ ಮುನ್ನ ನಮ್ಮಂಥವರನ್ನು ಒಮ್ಮೆ ಕರೆಯಲಿ.