ಸಾರುತ್ತ ಸಿಕ್ಕ ನಂಬಿಕೆ

ಇನ್ನೊಬ್ಬರ ನಂಬಿಕೆಗೆ ಬಲ ತುಂಬಲು ಹೊರಟವರ ನಂಬಿಕೆಯೇ ಚಿಗುರುವುದು ಕ್ರೈಸ್ತ ಬದುಕಿನಲ್ಲಿ ಮತ್ತೆ ಮತ್ತೆ ಕಾಣುವ ಅನುಭವ. ಮೆಥಡಿಸ್ಟ್ ಸಭೆಯ ಮೂಲಪುರುಷ ಜಾನ್ ವೆಸ್ಲಿಯವರ ಬದುಕಿನಲ್ಲಿ ಅದು ಹೇಗೆ ನಡೆಯಿತೆಂಬುದನ್ನು ಅವರ ದಿನಚರಿ ಹೆಜ್ಜೆಹೆಜ್ಜೆಯಾಗಿ ದಾಖಲಿಸಿದೆ.

1738ರ ಫೆಬ್ರವರಿ 1ರಂದು ವೆಸ್ಲಿ ಜಾರ್ಜಿಯಾದಿಂದ ಇಂಗ್ಲೆಂಡಿಗೆ ಮರಳಿದರು. ಆಗ ಅವರಿಗೆ 34 ವರ್ಷ. ಉಪವಾಸ, ಪ್ರಾರ್ಥನೆ, ಸೆರೆಮನೆ ಭೇಟಿ ಯಾವುದರಲ್ಲೂ ಲೋಪವಿರಲಿಲ್ಲ. ಆದರೂ ಒಳಗೆ ನೆಮ್ಮದಿಯಿರಲಿಲ್ಲ. ಹಿಂದೆ ಸಮುದ್ರದಲ್ಲಿ ಬಿರುಗಾಳಿ ಎದ್ದಾಗ ಮೊರೇವಿಯನ್ ಪಂಥದ ಕುಟುಂಬಗಳು ನಿಶ್ಚಿಂತೆಯಿಂದ ಹಾಡುತ್ತಿದ್ದವು. ವೆಸ್ಲಿ ಸಾವಿಗೆ ಅಂಜಿದ್ದರು. ಆ ಅಂಜಿಕೆ ಅವರನ್ನು ಬಿಟ್ಟುಹೋಗಿರಲಿಲ್ಲ. ಮಾರ್ಚ್ ಮೊದಲ ವಾರ ಆಕ್ಸ್‌ಫರ್ಡಿನಲ್ಲಿ, ನಂಬಿಕೆಯೇ ಇಲ್ಲದ ತಾನು ಬೋಧಿಸುವುದನ್ನು ಬಿಡಬೇಕೇ ಎಂದು ಅವರು ಪೀಟರ್ ಬೋಲರ್ ಎಂಬ ತರುಣ ಮೊರೇವಿಯನ್ ಬೋಧಕರನ್ನು ಕೇಳಿದರು. ಬಿಡಬೇಡಿ, ನಂಬಿಕೆ ದೊರೆಯುವ ತನಕ ನಂಬಿಕೆಯನ್ನೇ ಸಾರಿ, ದೊರೆತ ಮೇಲೆ ಅದು ಇರುವುದರಿಂದಲೇ ಸಾರುವಿರಿ ಎಂಬುದು ಬೋಲರ್ ಕೊಟ್ಟ ಉತ್ತರದ ತಿರುಳು.

ಇದು ಇಲ್ಲದ್ದನ್ನು ಇದೆಯೆಂದು ನಟಿಸುವ ಸಲಹೆಯಲ್ಲ. ವೆಸ್ಲಿ ತಮ್ಮ ಅನುಭವವನ್ನು ಸಾರಬೇಕಿರಲಿಲ್ಲ. ದೇವರ ಕೃಪೆಯನ್ನು ಸಾರಬೇಕಿತ್ತು. ಕೃಪೆ ಬೋಧಕನ ಮನಃಸ್ಥಿತಿಗೆ ಕಟ್ಟುಬಿದ್ದದ್ದಲ್ಲ.

ಮಾರ್ಚ್ 6ರಂದು, ಮನಸ್ಸು ಹಿಂಜರಿಯುತ್ತಿದ್ದರೂ, ಮರಣದಂಡನೆಗೆ ಗುರಿಯಾದ ಕೈದಿಯೊಬ್ಬನಿಗೆ ಅವರು ಆ ಕೃಪೆಯ ಮಾತನ್ನು ಮೊದಲ ಬಾರಿ ಹೇಳಿದರು. ಸಾವಿನ ಹೊಸ್ತಿಲಲ್ಲಿ ಪಶ್ಚಾತ್ತಾಪ ಸಾಧ್ಯವೇ ಇಲ್ಲವೆಂದು ಬಹುಕಾಲ ವಾದಿಸಿದ್ದವರು ಅವರು. ಇನ್ನು ಸತ್ಕಾರ್ಯ ಮಾಡಲು ದಿನಗಳೇ ಉಳಿಯದ ಮನುಷ್ಯನಿಗೆ ಕೃಪೆಯುಂಟು ಎಂದು ಹೇಳಬೇಕಾದರೆ, ತಮ್ಮ ಸಾಧನೆಯ ಬಲದಿಂದಲೇ ದೇವರನ್ನು ಮುಟ್ಟುವೆನೆಂಬ ಪಟ್ಟನ್ನು ಅವರೂ ಸಡಿಲಿಸಬೇಕಾಯಿತು. ಕೈದಿಗೆ ತೆರೆದ ಬಾಗಿಲು ಅವರಿಗೂ ತೆರೆಯಿತು. ಮಾರ್ಚ್ 27ರಂದು ಆಕ್ಸ್‌ಫರ್ಡ್ ಕೋಟೆಯ ಸೆರೆಮನೆಯಲ್ಲಿ ಮರಣದಂಡಿತನೊಬ್ಬನೊಡನೆ ಮೊಣಕಾಲೂರಿದಾಗ, ಪುಸ್ತಕದ ಪ್ರಾರ್ಥನೆಗಳು ಮುಗಿದು ಎದೆಯಿಂದಲೇ ಮಾತು ಬಂತು. ಕಳವಳದಿಂದ ಮೊಣಕಾಲೂರಿದ್ದ ಆತ ಸಾಯಲು ಸಿದ್ಧನೆಂದು ಹೇಳಿ ಎದ್ದ; ಗಲ್ಲಿಗೆ ಹೋಗುವಾಗಲೂ ಶಾಂತನಾಗಿದ್ದ.

ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ, ರೋಮಾಪುರದವರಿಗೆ ಬರೆದ ಪತ್ರಕ್ಕೆ ಲೂಥರ್ ಬರೆದ ಮುನ್ನುಡಿಯನ್ನು ಒಬ್ಬರು ಓದುತ್ತಿದ್ದಾಗ, ಕ್ರಿಸ್ತನು ತನ್ನ ಪಾಪಗಳನ್ನೂ ತೆಗೆದುಹಾಕಿದನೆಂಬ ಭರವಸೆ ವೆಸ್ಲಿಯವರಲ್ಲಿ ಮೂಡಿತು. ಇತರರಿಗೆ ಸಾರಲು ತೊಡಗಿ ಆಗಲೇ ಹನ್ನೊಂದು ವಾರಗಳಾಗಿದ್ದವು.

ಈ ಅನುಭವಕ್ಕೆ ಮುಂದೆ ಒಂದು ವ್ಯವಸ್ಥೆಯೂ ಒದಗಿತು. 1742ರಲ್ಲಿ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾಲಯದ ಸಾಲ ತೀರಿಸಲು ಸದಸ್ಯರನ್ನು ಸುಮಾರು ಹನ್ನೆರಡು ಜನರ ಗುಂಪುಗಳಾಗಿ ಮಾಡಿ, ವಾರಕ್ಕೊಂದು ಪೆನ್ನಿ ಕೂಡಿಸಲು ಗುಂಪಿಗೊಬ್ಬ ಮುಖಂಡನನ್ನು ನೇಮಿಸಲಾಯಿತು. ಹಣಕ್ಕೆಂದು ಮನೆಮನೆಗೆ ಹೋದವರು ಜನರ ಆತ್ಮದ ಕ್ಷೇಮವನ್ನೂ ವಿಚಾರಿಸತೊಡಗಿದರು. ಹೀಗೆ ‘ಕ್ಲಾಸ್’ ಎಂಬ ವಾರದ ಕೂಟ ಹುಟ್ಟಿತು. ಅದನ್ನು ನಡೆಸಿದವರು ಪಾದ್ರಿಗಳಲ್ಲ, ದುಡಿದು ಬದುಕುವ ಸಾಮಾನ್ಯರು. ಅವರಲ್ಲಿ ಹೆಂಗಸರೂ ಇದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದ ವೆಸ್ಲಿಯನ್ ಮಿಷನ್ ಇದೇ ಪರಂಪರೆಯದು. ಅದರ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು.

ಕ್ಲಾಸ್ ಕೂಟದಲ್ಲಿ ಮುಖಂಡ ಸಾಮಾನ್ಯವಾಗಿ ಮೊದಲು ತನ್ನ ಆತ್ಮದ ಸ್ಥಿತಿಯನ್ನೇ ಹೇಳಿ, ಆಮೇಲೆ ಉಳಿದವರನ್ನು ಕೇಳುತ್ತಿದ್ದ. ಪರರನ್ನು ಬಲಪಡಿಸುವ ಹೊಣೆ ಹೊತ್ತವನು ಹೀಗೆ ವಾರವಾರವೂ ತನ್ನನ್ನೇ ದೇವರ ಮುಂದೆ ನಿಲ್ಲಿಸಿಕೊಳ್ಳುತ್ತಿದ್ದ.