ಹೊಟೇಲಿನ ಪರವಾನಿಗೆ ಓದಿದವರೆಷ್ಟು?

ಕಮಲಾ ಮಿಲ್ಸ್‌ನಲ್ಲಿ 2017ರ ಡಿಸೆಂಬರ್ 29ರ ಬೆಂಕಿಗೆ 14 ಮಂದಿ ಬಲಿಯಾದ ಬಳಿಕ ಮುಂಬಯಿ ಮಹಾನಗರಪಾಲಿಕೆ ಹೊಟೇಲುಗಳ ತಪಾಸಣೆಗೆ ಇಳಿದು, ಅನಧಿಕೃತ ಭಾಗಗಳನ್ನು ಒಡೆಯಿತು. ತಪಾಸಣೆಯೆಂದರೆ ತುಳು-ಕನ್ನಡಿಗ ಹೊಟೇಲುದಾರರ ಬಾಯಲ್ಲಿ ಕಿರುಕುಳದ ಮಾತೇ ಮೊದಲು. ಕಿರುಕುಳ ಇಲ್ಲವೆಂದಲ್ಲ. ಆದರೆ ಗೋಡೆಯ ಮೇಲಿನ ಪರವಾನಿಗೆಯನ್ನು ಎಷ್ಟು ಮಂದಿ ಓದಿದ್ದಾರೆ? ಕೆಲವೆಡೆ ತಂದೆ ತೀರಿಹೋಗಿ ವರ್ಷಗಳಾದರೂ ಅವರದೇ ಹೆಸರು. ಕಂಡಕ್ಟಿಂಗ್‌ಗೆ ಪಡೆದವರ ಕೈಯಲ್ಲಿ ಬರೀ ಜೆರಾಕ್ಸ್ ಪ್ರತಿ. ನಕ್ಷೆಯಲ್ಲೇ ಇಲ್ಲದ ಅಟ್ಟದಲ್ಲಿ ಊರಿನ ಹುಡುಗರು ಮಲಗುತ್ತಾರೆ, ಇಳಿಯಲು ಒಂದೇ ಏಣಿ, ಕೆಳಗೆ ಅನುಮತಿಗಿಂತ ಹೆಚ್ಚು ಗ್ಯಾಸ್ ಸಿಲಿಂಡರ್! ಪಾಲಿಕೆ ಕಾಯ್ದೆಯಂತೆ ಷರತ್ತು ಮೀರಿದರೆ ಪರವಾನಿಗೆ ರದ್ದಾಗಬಹುದು. ನವೀಕರಣ ಮಾಡಿಸಿಕೊಟ್ಟ ಏಜೆಂಟ್ ಆಗ ಹೊಣೆ ಹೊರುವುದಿಲ್ಲ. ಸನ್ಮಾನ, ಸತ್ಕಾರಗಳ ನಡುವೆ ಸಂಘಗಳು ಒಂದು ಆದಿತ್ಯವಾರ ಬಿಡುವು ಮಾಡಿಕೊಂಡು, ಬಲ್ಲ ವಕೀಲರನ್ನು ಕರೆಸಿ, ಸದಸ್ಯರ ಪರವಾನಿಗೆ ಮತ್ತು ನಕ್ಷೆಗಳನ್ನು ನೋಡಿಸಲಿ.